ಮಡಚಿಕೊಳ್ಳುವ ಕಬ್ಬಿಣ

ನಮ್ಮ ಮನೆಯಲ್ಲಿ ಕೆಳಗೆ ಕಬ್ಬಿಣ, ಮೇಲೆ ಹತ್ತಿ. ಕೆಳಗಡೆ ನನ್ನ ತಮ್ಮನ ವೆಲ್ಡಿಂಗ್ ಅಂಗಡಿ, ಮೇಲೆ ನಾನು ಹಾಸಿಗೆ ಹೊಲಿಯುವ ಕೋಣೆ. ಅವನು ಇಡೀ ದಿನ ಟಣ್ ಟಣ್ ಎಂದು ಬಡಿಯುತ್ತಾನೆ, ನಾನು ಇಡೀ ದಿನ ಹತ್ತಿ ಬಿಡಿಸುತ್ತೇನೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಕೋಣೆಯ ತುಂಬ ಹತ್ತಿಯ ಎಳೆಗಳು ತೇಲುತ್ತವೆ. ಒಂದೊಂದು ಎಳೆಗೂ ನೆಲಕ್ಕಿಳಿಯಲು ಎಷ್ಟು ಹೊತ್ತು ಬೇಕು! ನೋಡುತ್ತಾ ಕೂತರೆ ಸೂಜಿ ಕೈಯಲ್ಲೇ ಉಳಿದು ಕಣ್ಣು ಎಳೆಯುತ್ತದೆ. ಆಗ ಕೆಳಗಿನಿಂದ ಟಣ್ ಎಂದು ಒಂದು ಪೆಟ್ಟು ಬೀಳುತ್ತದೆ. ನಾನು ಬೆಚ್ಚಿಬಿದ್ದು, ಅವನಿಗೆ ನಾಲ್ಕು ಬೈದು, ಮತ್ತೆ ಹೊಲಿಯತೊಡಗುತ್ತೇನೆ.

ಬೀದಿಯವರೆಲ್ಲ ನನ್ನ ತಮ್ಮನನ್ನು ಉಕ್ಕಣ್ಣ ಎಂದೇ ಕರೆಯುವುದು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಟಕಟೆ, ಏನೇ ಇರಲಿ, ಅವನು ಬೆಸೆದದ್ದು ಬಗ್ಗಿದ್ದನ್ನು ಯಾರೂ ಕಂಡಿಲ್ಲ. "ಆನೆ ಬಂದು ಒರಗಿದ್ರೂ ಅಲ್ಲಾಡಲ್ಲ" ಎಂದು ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುತ್ತಾನೆ. ಬಡಾಯಿಯಾದರೂ ಸುಳ್ಳಲ್ಲ, ಅಷ್ಟು ಮಾತ್ರ ಒಪ್ಪಬೇಕು.

ಅವನ ಹೆಂಡತಿ ನಾನು ಹೊಲಿದ ಹಾಸಿಗೆಗಳನ್ನು ಟೆಂಪೋಗೆ ಹೇರಿಕೊಂಡು ಮನೆಮನೆಗೆ ತಲುಪಿಸುತ್ತಾಳೆ. ನಮ್ಮಲ್ಲಿ ಗಾಡಿ ಓಡಿಸಲು ಬರುವುದು ಅವಳೊಬ್ಬಳಿಗೇ. ಅವರ ಮಗಳು ಗುಂಡಮ್ಮ. ಅದು ಹೆಸರಲ್ಲ, ಅವಳ ಕೆನ್ನೆ ನೋಡಿ ನಾನಿಟ್ಟದ್ದು. ಇನ್ನೂ ಒಂದು ವರ್ಷ ತುಂಬಿಲ್ಲ. ಗೋಡೆ ಹಿಡಿದು ನಿಲ್ಲುತ್ತಾಳೆ, ಧೊಪ್ಪನೆ ಕೂರುತ್ತಾಳೆ, ಕೂತದ್ದಕ್ಕೆ ತಾನೇ ನಗುತ್ತಾಳೆ. ಅವಳು ನಿದ್ದೆ ಹೋಗುವುದು ನನ್ನ ಮಡಿಲಲ್ಲೇ, ಹೆತ್ತವಳು ಕೈ ಚಾಚಿದರೂ ಹೋಗುವುದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಇರಲಿ ಬಿಡಿ.

ಗುಂಡಮ್ಮನ ತಾಯಿಯ ತಾಯಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಮೊಮ್ಮಗಳನ್ನು ಅವರು ನೋಡಿದ್ದೆಲ್ಲ ಫೋನಿನಲ್ಲಿ. "ಒಂದು ಸಲ ಕರ್ಕೊಂಡು ಬನ್ರೇ, ಆ ಮಗೂನ ಮುಟ್ಟಿ ನೋಡ್ಬೇಕು" ಎಂದು ಅತ್ತರು. ಅದನ್ನು ಕೇಳಿದ ಮೇಲೆ ಕೈಕಟ್ಟಿ ಕೂರುವುದು ಹೇಗೆ? ತಮ್ಮ ಯಾರೋ ಓಡಿಸಿ ಬಿಟ್ಟಿದ್ದ ಒಂದು ಕಾರು ಕೊಂಡ. ಭಾನುವಾರ ಬೆಳಿಗ್ಗೆ ಹೊರಡುವುದೆಂದಾಯಿತು. ದೂರದ ದಾರಿ, ಅಗಲವಾದ ರಸ್ತೆ. ಆ ರಸ್ತೆಯಲ್ಲಿ ಎಲ್ಲರಿಗೂ ಅವಸರ.

ಕಾರು ಬಂದ ದಿನವೇ ತಮ್ಮ ಅದರ ಮುಂದಿನ ಬಂಪರ್ ಬಿಚ್ಚಿ ಹಾಕಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು.

"ಅಕ್ಕಾ! ಬಾ ಇಲ್ಲಿ! ಬಂದು ನೋಡು ಈ ಮೋಸಾನ!"

ಹೋಗಿ ನೋಡಿದೆ. ಬಂಪರಿನ ಹಿಂದೆ, ಇಂಜಿನ್ನಿನ ಎರಡು ಪಕ್ಕದಲ್ಲಿ ಉದ್ದನೆಯ ಎರಡು ಪೆಟ್ಟಿಗೆಯಂಥ ತೊಲೆಗಳು. ಅವುಗಳ ಮೈಮೇಲೆ ಬೆರಳಿನಿಂದ ಒತ್ತಿದಂಥ ತಗ್ಗುಗಳು, ಸಾಲಾಗಿ.

"ತಗಡು ನೋಡು, ಡಬ್ಬದ ಮುಚ್ಚಳದ ಹಾಗಿದೆ. ಅದನ್ನೂ ಹೊಸದರಲ್ಲೇ ನೆಗ್ಗಿಸಿ ಕಳಿಸಿದ್ದಾರೆ! ನಾನು ಇಂಥ ಕೆಲಸ ಮಾಡಿಕೊಟ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ."

"ಎರಡೂ ಕಡೆ ಒಂದೇ ಥರ ಇದೆಯಲ್ಲೋ?"

"ಎರಡೂ ಕಡೆ ಮೋಸ ಮಾಡಿದ್ದಾರೆ ಅಂತಾಯ್ತು."

ಅವನು ಸೀಮೆಸುಣ್ಣ ತೆಗೆದುಕೊಂಡು ಆ ತೊಲೆಗಳ ಮೇಲೆ ಗೆರೆ ಹಾಕಿದ. ಇಲ್ಲಿಂದ ಇಲ್ಲಿಗೆ ದಪ್ಪ ಪಟ್ಟಿ ಕೂರಿಸಿ ಬೆಸೆಯುವುದು. ಮುಂದೆ ಒಂದು ದಪ್ಪ ಪೈಪಿನ ಗಾರ್ಡ್. "ಗೋಡೆಗೆ ಗುದ್ದಿದ್ರೆ ಗೋಡೆ ಬೀಳ್ಬೇಕು ಅಕ್ಕಾ, ಗಾಡಿಗೆ ಏನೂ ಆಗಬಾರದು. ನನ್ನ ಮಗಳು ಕೂರೋ ಗಾಡಿ ಇದು" ಎಂದ. ಹಾಗೆನ್ನುವಾಗ ಅವನ ದನಿ ಸಣ್ಣಗಾಯಿತು. ನನಗೂ ಹೌದೆನ್ನಿಸಿತು. ಬೆಲ್ಟ್ ಹಾಕದಿದ್ದರೆ ಕಾರು ಕೀಂ ಕೀಂ ಎನ್ನುತ್ತದಲ್ಲ, ಅದರ ಬಾಯಿ ಮುಚ್ಚಿಸಲು ಅವನು ಬೆಲ್ಟಿನ ಕೊಂಡಿಯಂತೆಯೇ ಒಂದು ತಗಡಿನ ಚೂರು ಕತ್ತರಿಸಿ, ಅರ ಹಾಕಿ ನಯಮಾಡಿ, ಕೊಂಡಿ ಸಿಕ್ಕಿಸುವ ಜಾಗಕ್ಕೆ ತುರುಕಿದ್ದ. ಕಾರು ತೆಪ್ಪಗಾಯಿತು. ಇನ್ನು ಮಗು ಕೂರುವುದೆಲ್ಲಿ? ಅದನ್ನು ಯಾರೂ ಕೇಳಲೂ ಇಲ್ಲ. ಅತ್ತೆಯ ಮಡಿಲಿರುವಾಗ ಬೇರೆ ಜಾಗ ಯಾಕೆ?

ಅಷ್ಟರಲ್ಲಿ ಗೊಂಬೆಯವಳು ಬಂದಳು.

ಇವಳು ನನ್ನ ತಮ್ಮನ ಹೆಂಡತಿಯ ಶಾಲೆಯ ಗೆಳತಿ. ಊರಾಚೆ ಒಂದು ದೊಡ್ಡ ಶೆಡ್ಡಿದೆ. ಅಲ್ಲಿ ಹೊಸ ಕಾರುಗಳನ್ನು ಬೇಕೆಂದೇ ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುತ್ತಾರೆ. ಒಳಗೆ ಮನುಷ್ಯರ ಬದಲು ಮನುಷ್ಯರಷ್ಟೇ ತೂಕದ ಗೊಂಬೆಗಳು. ಆ ಗೊಂಬೆಗಳಿಗೆ ಬಟ್ಟೆ ತೊಡಿಸಿ, ಕೈಕಾಲು ಸರಿಮಾಡಿ, ಸೀಟಿನಲ್ಲಿ ಕೂರಿಸುವುದು ಇವಳ ಕೆಲಸ. "ಈ ವಯಸ್ಸಲ್ಲೂ ಗೊಂಬೆ ಆಡಿ ಸಂಬಳ ತಗೋತಾಳೆ, ಪುಣ್ಯವಂತೆ" ಎಂದು ನಾನು ರೇಗಿಸುತ್ತಿರುತ್ತೇನೆ.

"ಅಕ್ಕಾ, ಗೊಂಬೆಗಳಿಗೆ ಹಾಸಿಗೆ ಬೇಕಿತ್ತು" ಎಂದಳು. "ಪರೀಕ್ಷೆ ಮುಗಿದ ಮೇಲೆ ಅವನ್ನ ಮಲಗಿಸೋ ಬಂಡಿಗೆ. ಒಂದು ಗಂಡಸಿನ ಅಳತೆ, ಒಂದು ಹೆಂಗಸಿನ ಅಳತೆ, ಒಂದು ಪುಟ್ಟ ಮಗುವಿನ ಅಳತೆ."

"ಪೆಟ್ಟು ತಿಂದ ಮೇಲೆ ಮೆತ್ತನೆ ಹಾಸಿಗೆ ಯಾಕೆ ತಾಯೀ? ಮೊದಲೇ ಹಾಸಬಾರದಾ?"

"ಮೊದಲೇ ಹಾಸೋದನ್ನೇ ಅಲ್ಲಿ ಕಲೀತಿರೋದು ಅಕ್ಕಾ" ಎಂದು ನಕ್ಕಳು. ಆಗಲೇ ಅವಳ ಕಣ್ಣು ಕಾರಿನ ಮೂತಿಯ ಕಡೆ ಹೋದದ್ದು. ನಗು ನಿಂತುಹೋಯಿತು. "ಉಕ್ಕಣ್ಣಾ, ಈ ಗೆರೆ ಯಾಕೆ ಹಾಕಿದ್ದೀರಿ?"

ತಮ್ಮ ಉತ್ಸಾಹದಿಂದ ಎಲ್ಲ ವಿವರಿಸಿದ. ಅವಳು ಕೇಳಿಸಿಕೊಂಡು, "ದಮ್ಮಯ್ಯ, ಒಂದು ಬೊಟ್ಟು ವೆಲ್ಡಿಂಗ್ ಕೂಡ ಬೇಡ" ಎಂದಳು. "ಅದು ನೆಗ್ಗಿದ್ದಲ್ಲ. ಗುದ್ದಿದಾಗ ತಗಡು ಅಲ್ಲಿಂದಲೇ ಮಡಚಲಿ ಅಂತ ಬೇಕಂತಲೇ ಮಾಡಿರೋದು."

"ಬೇಕಂತಲೇ ಮುದುಡೋ ಕಾರು ಮಾಡ್ತಾರಾ? ಭಲೇ! ಹಾಗಾದ್ರೆ ನಾಳೆಯಿಂದ ನಾನೂ ಬಗ್ಗೋ ಗೇಟ್ ಮಾಡ್ತೀನಿ. ಯಾರಾದ್ರೂ ಕೇಳಿದ್ರೆ ಬೇಕಂತಲೇ ಮಾಡಿದ್ದು ಅಂತೀನಿ. ಹೋಗಿ ತಂಗೀ, ಗೊಂಬೆ ನೋಡ್ಕೊಳ್ಳಿ ನೀವು."

ನನಗೆ ನಗು ತಡೆಯಲಾಗಲಿಲ್ಲ. ಗೊಂಬೆಯವಳು ಮಾತ್ರ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಅಳತೆ ಕೊಡಬೇಕಲ್ಲ, ಮೇಲೆ ಬನ್ನಿ, ನೀವೂ ಬನ್ನಿ" ಎಂದು ಇಬ್ಬರನ್ನೂ ನನ್ನ ಕೋಣೆಗೆ ಎಳೆದುಕೊಂಡು ಬಂದಳು.

ಮೇಲೆ ಬಿಸಿಲು ಹದವಾಗಿ ಬಿದ್ದಿತ್ತು. ಆಗಷ್ಟೇ ಬಿಡಿಸಿದ ಹತ್ತಿ ಮೂಲೆಯಲ್ಲಿ ಎದೆಯೆತ್ತರಕ್ಕೆ ಇತ್ತು. ಅವಳು ತಲೆಯೆತ್ತಿ ಅಟ್ಟವನ್ನು ನೋಡಿದಳು.

"ಉಕ್ಕಣ್ಣಾ, ಚಿಕ್ಕೋರಿದ್ದಾಗ ಈ ಅಟ್ಟದಿಂದ ಹತ್ತಿ ರಾಶಿ ಮೇಲೆ ಹಾರಿದ್ದೀರಾ?"

"ಹಾರದೆ ಬಿಡ್ತಾನಾ?" ಎಂದೆ ನಾನು. "ದಿನಾ ಹಾರ್ತಿದ್ದ, ದಿನಾ ಅಪ್ಪನ ಕೈಲಿ ಏಟು ತಿಂತಿದ್ದ."

ತಮ್ಮ ಹತ್ತಿಯನ್ನೇ ನೋಡುತ್ತಾ ನಿಂತ. ಅವನಿಗೆ ಅದು ನೆನಪಾಗುತ್ತಿತ್ತು, ನನಗೂ. ನಾನೂ ಹಾರುತ್ತಿದ್ದೆನಲ್ಲ! ಕಾಲು ಅಟ್ಟ ಬಿಟ್ಟ ಮೇಲೆ ಗಾಳಿಯಲ್ಲಿ ಒಂದು ಗಳಿಗೆ. ಆಮೇಲೆ ಬಿಳಿ. ಸುತ್ತಲೂ ಬಿಳಿ, ಸದ್ದೇ ಇಲ್ಲ. ಹತ್ತಿ ನಮ್ಮನ್ನು ತಡೆಯುತ್ತಿರಲಿಲ್ಲ, ಒಳಗೆ ಕರೆದುಕೊಳ್ಳುತ್ತಿತ್ತು. ಇಳಿಯುತ್ತಾ ಇಳಿಯುತ್ತಾ ಎಲ್ಲಿ ನಿಂತೆವೆಂದೇ ತಿಳಿಯುತ್ತಿರಲಿಲ್ಲ.

"ಅಷ್ಟೇ ಎತ್ತರದಿಂದ ನಿಮ್ಮ ಅಂಗಡಿಯ ಕಬ್ಬಿಣದ ಹಲಗೆ ಮೇಲೆ ಹಾರ್ತೀರಾ?" ಎಂದಳು ಗೊಂಬೆಯವಳು.

"ತಲೆ ಕೆಟ್ಟಿದೆಯಾ? ಕಾಲು ಮುರಿಯುತ್ತೆ."

"ಯಾಕೆ? ಎತ್ತರ ಅದೇ. ನೀವೂ ಅವರೇ. ಕೆಳಗೆ ಬರೋ ವೇಗವೂ ಅದೇ. ಹತ್ತಿ ಮೇಲೆ ಬಿದ್ರೂ ಕೊನೆಗೆ ನಿಲ್ತೀರಿ, ಕಬ್ಬಿಣದ ಮೇಲೆ ಬಿದ್ರೂ ನಿಲ್ತೀರಿ. ಒಂದು ಕಡೆ ಯಾಕೆ ಕಾಲು ಮುರಿಯುತ್ತೆ, ಇನ್ನೊಂದು ಕಡೆ ಯಾಕೆ ಇಲ್ಲ?"

"ಹತ್ತಿ ಮೆತ್ತಗಿರುತ್ತೆ, ಅದಕ್ಕೆ."

"ಮೆತ್ತಗಿದ್ರೆ ಏನಾಗುತ್ತೆ?"

ಹತ್ತಿಯ ವಿಷಯ, ನನ್ನ ಬಾಯಿ ಸುಮ್ಮನಿರಲಿಲ್ಲ. "ಒಳಗೆ ಇಳಿಸ್ಕೊಳ್ತಾ ಇಳಿಸ್ಕೊಳ್ತಾ ನಿಧಾನವಾಗಿ ನಿಲ್ಲಿಸುತ್ತೆ" ಎಂದೆ.

"ಅಷ್ಟೇ ಅಕ್ಕಾ! ಇಡೀ ಪಾಠ ಅಷ್ಟೇ" ಎಂದು ಅವಳು ಚಪ್ಪಾಳೆ ತಟ್ಟಿದಳು. "ಓಡೋ ಪ್ರತಿಯೊಂದೂ ಒಂದು ಗಂಟು ಹೊತ್ಕೊಂಡಿರುತ್ತೆ ಅಂದ್ಕೊಳ್ಳಿ. ತೂಕ ಹೆಚ್ಚಿದ್ರೆ ಗಂಟು ದೊಡ್ಡದು, ವೇಗ ಹೆಚ್ಚಿದ್ರೂ ದೊಡ್ಡದು. ಪುಸ್ತಕದಲ್ಲಿ ಅದಕ್ಕೆ ಸಂವೇಗ ಅಂತಾರೆ. ನಿಲ್ಬೇಕು ಅಂದ್ರೆ ಆ ಗಂಟನ್ನ ಪೂರ್ತಿ ಇಳಿಸ್ಲೇಬೇಕು, ಚೂರೂ ರಿಯಾಯಿತಿ ಇಲ್ಲ. ಆದ್ರೆ ಹೇಗೆ ಇಳಿಸ್ತೀವಿ ಅನ್ನೋದು ನಮ್ಮ ಕೈಲಿದೆ. ನಿಧಾನ ಇಳಿಸಿದ್ರೆ ಮೈಮೇಲೆ ಸಣ್ಣ ಬಲ. ಗಪ್ಪಂತ ಇಳಿಸಿದ್ರೆ ಅಷ್ಟೂ ಬಲ ಒಂದೇ ಏಟಿಗೆ. ನಿಲ್ಲೋ ಸಮಯ ಎರಡು ಪಟ್ಟಾದ್ರೆ ಬಲ ಅರ್ಧ ಆಗುತ್ತೆ. ಆ ತೊಲೆ ಮಡಚ್ತಾ ಮಡಚ್ತಾ ನಮಗೆ ಆ ಸಮಯ ಕೊಡುತ್ತೆ ಉಕ್ಕಣ್ಣಾ. ನೀವು ಪಟ್ಟಿ ಬೆಸೆದ್ರೆ ಅದು ಮಡಚಲ್ಲ. ಗಾಡಿ ಗಪ್ಪಂತ ನಿಲ್ಲುತ್ತೆ. ಆಗ ಮಡಚೋದು ಒಳಗಿರೋರು."

ತಮ್ಮ ಸುಲಭಕ್ಕೆ ಸೋಲುವವನಲ್ಲ. "ಹಾಗಾದ್ರೆ ಇಡೀ ಕಾರನ್ನೇ ನಮ್ಮಕ್ಕನ ಹತ್ರ ಹತ್ತಿಯಲ್ಲಿ ಹೊಲಿಸಿಬಿಡಿ" ಎಂದ.

"ಊಹೂಂ. ಜನ ಕೂರೋ ಗೂಡು ಮಡಚಲೇಬಾರದು. ಅದಕ್ಕೆ ನಿಮ್ಮಂಥೋರು ಮೆಚ್ಚೋ ಉಕ್ಕು ಹಾಕಿರ್ತಾರೆ. ಮಡಚ್ಬೇಕಾದ್ದು ಮುಂದಿನ ಮೂತಿ ಮಾತ್ರ. ಕೂತ್ಕೊಳ್ಳಿ, ತೋರಿಸ್ತೀನಿ."

ಅವಳು ಫೋನು ತೆಗೆದು ಹತ್ತಿಯ ಮೂಟೆಗೆ ಒರಗಿಸಿಟ್ಟಳು. ಅಷ್ಟರಲ್ಲಿ ತಮ್ಮನ ಹೆಂಡತಿಯೂ ಟೆಂಪೋ ನಿಲ್ಲಿಸಿ, ಗುಂಡಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಮೇಲೆ ಬಂದಳು. ಮಗು ನನ್ನನ್ನು ಕಂಡದ್ದೇ ನನ್ನ ಮಡಿಲಿಗೆ ಜಾರಿತು.

ಶೆಡ್ಡಿನಲ್ಲಿ ತೆಗೆದ ಚಿತ್ರ ಅದು. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವುದನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಾರೆ. ಸದ್ದಿಲ್ಲ. ದೊಡ್ಡ ಬೆಳಕಿನ ಹಜಾರದಲ್ಲಿ ಒಂದು ಕಾರು ತೇಲಿದಂತೆ ಬಂತು, ಗೋಡೆಯನ್ನು ಮುಟ್ಟಿತು. ಮುಟ್ಟಿದ ಕಡೆಯಿಂದ ತಗಡು ಒಂದೊಂದೇ ಮಡಿಕೆಯಾಗಿ ಒಳಕ್ಕೆ ಸರಿಯಿತು, ಮೊದಲ ಮಡಿಕೆ, ಅದರ ಹಿಂದೆ ಎರಡನೆಯದು, ಯಾವ ಅವಸರವೂ ಇಲ್ಲದೆ. ಗಾಜಿನ ಹರಳುಗಳು ಮೇಲೆದ್ದು ಹೊಳೆಯುತ್ತಾ ಅಲ್ಲೇ ನಿಂತಂತಿದ್ದವು. ಒಳಗೆ ಬಿಳಿ ಗಾಳಿಚೀಲ ಉಬ್ಬಿತು. ಬೆಲ್ಟ್ ಹಾಕಿದ್ದ ಗೊಂಬೆ ಅದರ ಮೇಲೆ ಮುಖವಿಟ್ಟು, ಮಲಗಿ ಎದ್ದ ಹಾಗೆ ಎದ್ದು, ಹಿಂದಕ್ಕೊರಗಿತು. ಅಂಥ ಭಯಂಕರವಾದದ್ದು ಇಷ್ಟು ಚೆಂದವಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ.

"ಇನ್ನೊಂದು ಸಲ ಹಾಕಿ" ಎಂದ ತಮ್ಮ. ಇನ್ನೊಂದು ಸಲ ನೋಡಿದ. ಮತ್ತೊಂದು ಸಲ. ಮೂಗು ಫೋನಿಗೆ ತಾಗುವಷ್ಟು ಹತ್ತಿರ ಬಗ್ಗಿದ್ದ. "ಇದು ಸುಮ್ನೆ ಮುದುಡ್ತಿಲ್ಲ. ಮಡಿಕೆ ಸರಿಯಾಗಿ ಆ ತಗ್ಗಿನಲ್ಲೇ ಬೀಳ್ತಿದೆ."

"ನಾನು ಬಟ್ಟೆ ಮಡಚೋ ಮೊದಲು ಉಗುರಲ್ಲಿ ಗೆರೆ ಎಳೀತೀನಲ್ಲ, ಹಾಗೆ" ಎಂದೆ.

"ಹಾಗೇ" ಎಂದ. ನನ್ನ ಮಾತನ್ನು ಅವನು ಒಂದೇ ಸಲಕ್ಕೆ ಒಪ್ಪಿದ್ದು ಅಪರೂಪ.

ಎರಡನೆಯ ಚಿತ್ರದ ಕಾರಿಗೆ ಅವನು ಮಾಡಬೇಕೆಂದಿದ್ದಂತೆಯೇ ಮುಂದೆ ಗಟ್ಟಿ ಕಬ್ಬಿಣ ಬೆಸೆದಿತ್ತು. ಅದು ಗೋಡೆಗೆ ಬಂದು ತಟ್ಟನೆ ನಿಂತಿತು. ಮೂತಿಗೆ ಏನೂ ಆಗಲಿಲ್ಲ. ಒಳಗಿನ ಗೊಂಬೆಯ ಕುತ್ತಿಗೆ ಮಾತ್ರ ನೋಡಲಾಗದ ಹಾಗೆ ಬಾಗಿತು. ಗಾಳಿಚೀಲವೂ ತಡವಾಗಿ ಉಬ್ಬಿತು. ಮುಂದಿನ ಲೋಹ ಹೇಗೆ ಮಡಚುತ್ತದೆ ಎನ್ನುವುದರ ಮೇಲೆಯೇ ಅದರ ಲೆಕ್ಕಾಚಾರವಂತೆ.

"ಇನ್ನು ಬೆಲ್ಟು" ಎಂದಳು ಗೊಂಬೆಯವಳು. "ಕಾರು ಮಡಚಿ ಸಮಯ ಕೊಡುತ್ತೆ, ಸರಿ. ಆ ಸಮಯ ಸಿಗೋದು ಕಾರಿಗೆ ಕಟ್ಕೊಂಡೋರಿಗೆ ಮಾತ್ರ. ಬೆಲ್ಟ್ ಇಲ್ದೋರು ಕಾರು ನಿಂತ್ರೂ ಹಳೇ ವೇಗದಲ್ಲೇ ಹೋಗ್ತಾ ಇರ್ತಾರೆ, ಆಮೇಲೆ ಗಾಜಿಗೋ ಮುಂದಿನ ಸೀಟಿಗೋ ಬಡಿದು ಗಪ್ಪಂತ ನಿಲ್ತಾರೆ. ಹಿಂದೆ ಕೂತೋರಿಗೂ ಇದೇ ಮಾತು. ಆ ಕೀಂ ಕೀಂ ಬಾಯಿ ಮುಚ್ಚಿಸಿದ್ರಲ್ಲ, ಅದು ಬೈತಿರಲಿಲ್ಲ ಉಕ್ಕಣ್ಣಾ, ಕರೀತಿತ್ತು."

ಕೊನೆಯ ಚಿತ್ರ ಹಾಕುವ ಮೊದಲು ಅವಳು ನನ್ನ ಮುಖ ನೋಡಿದಳು. "ಅಕ್ಕಾ, ಇದು ನಿಮಗೆ."

ಹಿಂದಿನ ಸೀಟಿನಲ್ಲಿ ಒಂದು ಹೆಂಗಸಿನ ಗೊಂಬೆ. ಅದರ ಮಡಿಲಲ್ಲಿ ಮಗುವಿನ ಗೊಂಬೆ, ಹಳದಿ ಅಂಗಿ ತೊಡಿಸಿದ್ದರು. ಹೆಂಗಸಿನ ಎರಡು ಕೈಗಳೂ ಮಗುವನ್ನು ತಬ್ಬಿದ್ದವು. ಕಾರು ಗೋಡೆ ಮುಟ್ಟಿತು. ಹಳದಿ ಅಂಗಿಯ ಮಗು ಮಡಿಲಿನಿಂದ ಮೆಲ್ಲಗೆ ಎದ್ದಿತು. ಕೈಗಳ ನಡುವಿನಿಂದ, ಯಾರೋ ಕರೆದರೆಂದು ಹೊರಟ ಹಾಗೆ, ಮುಂದಕ್ಕೆ ಹೋಯಿತು.

"ಹಿಡ್ಕೊಳ್ಳೇ!" ಎಂದು ನಾನು ಕೂಗಿಬಿಟ್ಟೆ. ಗುಂಡಮ್ಮ ಬೆಚ್ಚಿ ಅಳತೊಡಗಿದಳು.

ಅವಳ ಬೆನ್ನು ತಟ್ಟಿದೆ. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಅದು ಗೊಂಬೆ ಕಣೇ. ಗೊಂಬೆ ಕೈಗೆ ಕರುಳೆಲ್ಲಿದೆ? ನನ್ನ ಕೈ ಬಿಡಲ್ಲ. ಪ್ರಾಣ ಹೋದ್ರೂ ಬಿಡಲ್ಲ" ಎಂದೆ.

"ನೀವು ಬಿಡಲ್ಲ ಅಕ್ಕಾ, ನನಗೆ ಗೊತ್ತು. ಕಿತ್ತುಕೊಳ್ಳುತ್ತೆ." ಅವಳು ಮಗುವಿನ ಕಾಲು ನೇವರಿಸಿದಳು. "ಇವಳು ಹತ್ತು ಕಿಲೋ ಇರಬಹುದಾ? ಆ ದೊಡ್ಡ ರಸ್ತೆ ವೇಗದಲ್ಲಿ ಗುದ್ದಿದ್ರೆ, ಕಾರು ಚೆನ್ನಾಗಿ ಮಡಚಿದ್ರೂ, ಇವಳನ್ನ ತಡೆಯೋಕೆ ಮೂರು ಸಿಮೆಂಟ್ ಮೂಟೆ ಎತ್ತೋದಕ್ಕಿಂತ ಹೆಚ್ಚು ಬಲ ಬೇಕು. ಕೆಳಗೆ ಅಂಗಡೀಲಿ ಗೇಟು ನೆಡೋಕೆ ತಂದ ಸಿಮೆಂಟ್ ಮೂಟೆ ಇದೆಯಲ್ಲ, ಒಂದು ಎತ್ತಿ ನೋಡಿ."

ಮಗುವನ್ನು ತಾಯಿಗೆ ಕೊಟ್ಟು, ಛಲಕ್ಕೆ ಬಿದ್ದು ಕೆಳಗೆ ಹೋದೆ. ಒಂದು ಮೂಟೆಯನ್ನು ತಬ್ಬಿ ಎಳೆದೆ, ಅಲುಗಿತು, ನೆಲ ಬಿಡಲಿಲ್ಲ. ಇಷ್ಟು ವರ್ಷ ಹತ್ತಿಯ ಮೂಟೆ ಹೊತ್ತ ಕೈ. ಅಂಥವು ಮೂರು, ಅದೂ ರೆಪ್ಪೆ ಬಡಿಯುವುದರೊಳಗೆ. ನಾನು ಸಿಮೆಂಟಿನ ಧೂಳು ಕೊಡವಿಕೊಂಡು ಅಲ್ಲೇ ಮೂಟೆಯ ಮೇಲೆ ಕೂತೆ. ಅಳು ಬಂತ್ರೀ, ನಿಜವಾಗಿ ಅಳು ಬಂತು. ನನ್ನ ಮಡಿಲಿಗಿಂತ ಭದ್ರವಾದ ಜಾಗ ಆ ಮಗುವಿಗೆ ಇದೆ ಎಂದರೆ ಯಾರಿಗೆ ಹೇಳಿಕೊಳ್ಳುವುದು?

ತಮ್ಮನ ಹೆಂಡತಿ ನನ್ನ ಪಕ್ಕ ಕೂತಳು. "ಅತ್ತಿಗೆ, ಮಗುಗೆ ಅದರದ್ದೇ ಸೀಟು ತರ್ತೀನಿ. ಬೇಜಾರು ಮಾಡ್ಕೋಬೇಡಿ. ನಿಮ್ಮ ಪಕ್ಕದಲ್ಲೇ ಕೂರಿಸ್ತೀನಿ."

ಹಾಗೆಯೇ ಆಯಿತು. ಸೀಟು ಬಂತು. ಗೊಂಬೆಯವಳೇ ನಿಂತು ಅದನ್ನು ಹಿಂದಿನ ಸೀಟಿಗೆ ಬಿಗಿಸಿಕೊಟ್ಟಳು, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ. "ಇಷ್ಟು ಚಿಕ್ಕ ಮಕ್ಕಳಿಗೆ ತಲೆ ಭಾರ, ಕುತ್ತಿಗೆ ಎಳೇದು. ಹೀಗೆ ಕೂತ್ರೆ ಗುದ್ದಿದಾಗ ಇಡೀ ಬೆನ್ನಿಗೆ ಆಸರೆ ಸಿಗುತ್ತೆ, ಬಲ ಹಂಚಿಹೋಗುತ್ತೆ. ಈ ಸೀಟನ್ನ ಮಾತ್ರ ಯಾವತ್ತೂ ಗಾಳಿಚೀಲ ಇರೋ ಮುಂದಿನ ಜಾಗಕ್ಕೆ ಕಟ್ಬೇಡಿ. ಚೀಲ ಉಬ್ಬಿದ ಏಟು ಮಗುಗೇ ಬೀಳುತ್ತೆ" ಎಂದಳು.

ತಮ್ಮ ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡು ಓಡಾಡಿದ. ಸಂಜೆ ಇಳಿದು ನೋಡಿದರೆ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗೆರೆ ಒರೆಸುತ್ತಿದ್ದ. ಬಂಪರನ್ನು ಮೊದಲಿದ್ದ ಹಾಗೆಯೇ ಕೂರಿಸಿದ. ಕೊಂಡಿಯ ಜಾಗದಲ್ಲಿ ತುರುಕಿದ್ದ ತಗಡಿನ ಚೂರನ್ನು ಕಿತ್ತು ಗುಜರಿಗೆ ಎಸೆದ. "ಕೈ ತುರಿಸ್ತಿದೆ ಅಕ್ಕಾ, ಒಂದೇ ಒಂದು ಪಟ್ಟಿ..." ಎಂದ. "ಹೋಗಿ ಮಲಗೋ" ಎಂದು ಗದರಿಸಿದೆ.

ಭಾನುವಾರ ಹೊರಟೆವು. ಹೊಲಗಳ ಮೇಲೆ ಮಂಜು ಹಾಸಿತ್ತು. ತಮ್ಮನ ಹೆಂಡತಿ ಓಡಿಸುತ್ತಿದ್ದಳು, ಪಕ್ಕದಲ್ಲಿ ತಮ್ಮ, ಹಿಂದೆ ನಾನು, ನನ್ನ ಪಕ್ಕ ತನ್ನ ಸೀಟಿನಲ್ಲಿ ಗುಂಡಮ್ಮ. ಎಲ್ಲರಿಗೂ ಬೆಲ್ಟ್. ಮರಗಳು ಮಂಜಿನಿಂದ ಎದ್ದು ಬಂದು ಮಂಜಿಗೇ ಹೋಗುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗು ಅಳಲು ಶುರುಮಾಡಿತು. ನನ್ನ ಕಡೆ ಕೈ ಚಾಚಿ ಚಾಚಿ ಅತ್ತಿತು.

"ನಿದ್ದೆ ಬಂದಿದೆ ಅದಕ್ಕೆ. ಸ್ವಲ್ಪ ಹೊತ್ತು ಎತ್ಕೋತೀನಿ ಕಣೇ. ರಸ್ತೆ ಖಾಲಿ ಇದೆಯಲ್ಲ."

"ಬೇಡ ಅತ್ತಿಗೆ. ಬೇಕಿದ್ರೆ ಗಾಡಿ ನಿಲ್ಲಿಸ್ತೀನಿ."

ನಿಲ್ಲಿಸಿದಳು. ನಾನು ಮಗುವನ್ನು ಎತ್ತಿಕೊಂಡು ರಸ್ತೆಯ ಪಕ್ಕ ಓಡಾಡಿದೆ, ಬೆನ್ನು ತಟ್ಟಿದೆ, ಮಂಜು ತೋರಿಸಿದೆ. ಸಮಾಧಾನವಾದ ಮೇಲೆ ಮತ್ತೆ ಸೀಟಿಗೆ ಹಾಕಿ ಕೊಂಡಿ ಸಿಕ್ಕಿಸಿದೆ. ಕೊಂಡಿ ಟಕ್ಕೆಂದಾಗ ಅದು ನನ್ನ ಮೇಲೆ ಮುನಿಸಿಕೊಂಡಂತೆ ನೋಡಿತು, ಆಮೇಲೆ ಕಣ್ಣು ಮುಚ್ಚಿತು. ನಾನು ಒಳಗೊಳಗೇ ಗೊಂಬೆಯವಳಿಗೆ ಶಾಪ ಹಾಕುತ್ತಾ ಕೂತೆ.

ಸೇತುವೆ ಹತ್ತಿರ ಬಂದಾಗ ಪಕ್ಕದ ದಾರಿಯಿಂದ ಒಂದು ಗಾಡಿ ಸರ್ರನೆ ನಮಗೆ ಅಡ್ಡ ನುಗ್ಗಿತು. ಅವಳು ಬ್ರೇಕ್ ಒತ್ತಿ ಪಕ್ಕಕ್ಕೆ ತಿರುಗಿಸಿದಳು. ಎದುರಿಗೆ ಸೇತುವೆಯ ಸಿಮೆಂಟ್ ಗೋಡೆ. ಆಮೇಲೆ ಏನಾಯಿತೆಂದು ಹೇಳಲು ನನಗೆ ಬರುವುದಿಲ್ಲ. ಒಂದು ದೊಡ್ಡ ಸದ್ದು, ಎದೆಗೆ ಅಡ್ಡಲಾಗಿ ಬೆಲ್ಟಿನ ಬಿಗಿ, ಆಮೇಲೆ ಉಬ್ಬಿದ ಗಾಳಿಚೀಲಗಳಿಂದ ಹಾರಿ ಕಾರಿನೊಳಗೆ ತೇಲುವ ಬಿಳಿ ಪುಡಿ. ಎಲ್ಲ ಕಡೆ ನಿಶ್ಶಬ್ದ. ಆ ನಿಶ್ಶಬ್ದದಷ್ಟು ಉದ್ದವಾದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಕೊನೆಗೆ ಗುಂಡಮ್ಮ ಗಂಟಲು ಹರಿಯುವಂತೆ ಅತ್ತಳು. ನಿದ್ದೆ ಕೆಡಿಸಿದರೆಂದು ಸಿಟ್ಟಿನ ಅಳು. ಅಷ್ಟು ಇಂಪಾದ ಸದ್ದು ಯಾವುದೂ ಇಲ್ಲ. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ತಾಯಿಯ ಮುಖಕ್ಕೆ ಗಾಳಿಚೀಲ ಉಜ್ಜಿ ಕೆಂಪಾಗಿತ್ತು, ತಮ್ಮನ ಭುಜಕ್ಕೆ ಬೆಲ್ಟಿನ ಬರೆ ಬಿದ್ದಿತ್ತು. ಅಷ್ಟೇ. ಬಾಗಿಲು ಎಂದಿನಂತೆ ತೆರೆಯಿತು. ನಾವು ಕೂತಿದ್ದ ಗೂಡು ಇದ್ದ ಹಾಗೇ ಇತ್ತು.

ಕಾರಿನ ಮೂತಿ ಮಾತ್ರ ಅರ್ಧಕ್ಕರ್ಧ ಇಲ್ಲ. ಜನ ಓಡಿ ಬಂದರು, "ಅಯ್ಯೋ ಗಾಡಿ ಹೋಯ್ತಲ್ಲ, ತಗಡು ನೋಡಿ ಎಷ್ಟು ತೆಳು" ಎಂದು ಮರುಗಿದರು. ನನ್ನ ತಮ್ಮ ಉಕ್ಕಣ್ಣ ಮುದುಡಿದ ತಗಡಿನ ಮುಂದೆ ಮಂಡಿಯೂರಿ ಕೂತಿದ್ದ. ಮಗಳನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಆ ಮಡಿಕೆಗಳನ್ನು ಸವರುತ್ತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಅಕ್ಕಾ, ನೋಡು, ಒಂದೊಂದು ಮಡಿಕೆನೂ ಎಷ್ಟು ಒಪ್ಪವಾಗಿ ಬಿದ್ದಿದೆ" ಎಂದ. "ಎಂಥ ಕೆಲಸಗಾರ ಮಾಡಿದ್ದಾನೋ ಪುಣ್ಯಾತ್ಮ."

ಒಂದು ಸಂಗತಿಯನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ, ಈಗ ನಿಮಗೆ ಹೇಳುತ್ತೇನೆ. ಗೋಡೆಗೆ ಗುದ್ದಿದ ಆ ಗಳಿಗೆಯಲ್ಲಿ ನಾನು ನನ್ನ ಎರಡು ಕೈಗಳನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಭಯಕ್ಕೆ ಎಲ್ಲರೂ ಹಿಡಿದುಕೊಳ್ಳುವಂತೆ, ಬೆರಳಿಗೆ ಬೆರಳು ಹೆಣೆದು, ಇದ್ದ ಬಲವನ್ನೆಲ್ಲ ಹಾಕಿ. ಸದ್ದು ಮುಗಿದ ಮೇಲೆ ನೋಡುತ್ತೇನೆ, ನನ್ನ ಎರಡೂ ಕೈ ಮುಂದಿನ ಸೀಟಿನ ಬೆನ್ನಿಗೆ ಬಡಿದು ನೀಲಿಗಟ್ಟಿದ್ದವು. ಹೆಣೆದ ಬೆರಳುಗಳು ಬಿಚ್ಚಿಕೊಂಡಿದ್ದವು. ಬಿಡುವುದಿಲ್ಲ ಎಂದಿದ್ದೆನಲ್ಲ, ಬಿಟ್ಟಿದ್ದೆ. ಯಾವಾಗ ಬಿಟ್ಟೆನೆಂದು ನನಗೇ ತಿಳಿದಿರಲಿಲ್ಲ. ಆ ಕೈಗಳಲ್ಲಿ ಏನೂ ಇರಲಿಲ್ಲ, ಸದ್ಯ.

ಅದಕ್ಕೇ ಕೇಳುತ್ತಿದ್ದೇನೆ, ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಜ್ಜಿ, ತಾತ, ಎಲ್ಲರನ್ನೂ. ನಿಮ್ಮ ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಬೆಸೆದಿದ್ದರೆ ಗೊತ್ತಿರುವವರ ಹತ್ತಿರ ತೋರಿಸಿ ತೆಗೆಸಿಬಿಡಿ. ಕೀಂ ಕೀಂ ಎಂದಾಗ ಬೈಯದೆ ಬೆಲ್ಟ್ ಹಾಕಿಕೊಳ್ಳಿ. ಹಿಂದಿನ ಸೀಟಿನ ಬೆಲ್ಟು ಸೀಟಿನ ಸಂದಿಯಲ್ಲಿ ಹೂತುಹೋಗಿರುತ್ತದೆ, ಈಗಲೇ ಹೋಗಿ ಎಳೆದು ಹೊರಗೆ ತೆಗೆಯಿರಿ. ಮಗುವಿಗೆ ಅದರ ವಯಸ್ಸಿಗೆ ತಕ್ಕ ಸೀಟು ತನ್ನಿ, ಹಿಂದಿನ ಜಾಗದಲ್ಲಿ ಬಿಗಿಸಿ. ಅದು ಅಳುತ್ತದೆ, ಅಳಲಿ. ಗಾಡಿ ನಿಲ್ಲಿಸಿ ಎತ್ತಿಕೊಳ್ಳಿ, ಮುದ್ದಾಡಿ, ಮತ್ತೆ ಕೂರಿಸಿ ಹೊರಡಿ. ನಿಮ್ಮ ಪ್ರೀತಿ ಎಷ್ಟು ಗಟ್ಟಿಯೆಂದು ನನಗೆ ಗೊತ್ತು. ಆದರೆ ಆ ಗಳಿಗೆಯಲ್ಲಿ ಕೈ ನಮ್ಮ ಮಾತು ಕೇಳುವುದಿಲ್ಲ. ಕೊಂಡಿ ಕೇಳುತ್ತದೆ, ಹೊರಡುವ ಮೊದಲು ಸಿಕ್ಕಿಸಿದ್ದರೆ.